ವಿರೇಚಕಗಳ ವಿಚಾರ

ಮಲಬದ್ಧತೆಯ ಮಾತನ್ನೆತ್ತಿದರೆ ತರಗತಿಯಲ್ಲಿ ನಗು ಏಳುತ್ತದೆಂಬುದನ್ನು ನಾನು ಬಲ್ಲೆ. ಆದರೂ ನಮ್ಮ ವಾರ್ಷಿಕ ಸಂಚಿಕೆಗೆ ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವುಂಟು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ರಜೆಗೆ ಊರಿಗೆ ಹೋದರೆ ಬೀದಿಯವರೆಲ್ಲ ತಮ್ಮ ಔಷಧಿಯ ಚೀಟಿಗಳನ್ನು ನನ್ನ ಮುಂದೆ ಹಿಡಿಯುತ್ತಾರೆ. ಹೋದ ವರ್ಷ ಹಾಗೆ ಹಿಡಿದವರು ನಮ್ಮ ತಂದೆಯವರೇ. ಅಂಗಡಿಯಿಂದ ತಂದ ಚಿಕ್ಕ ಹಳದಿ ಮಾತ್ರೆಯನ್ನು ಅವರು ರಾತ್ರಿ ಬಿಸಿ ಹಾಲಿನೊಡನೆ ಅಗಿದು ನುಂಗುವರು. ನಡುರಾತ್ರಿ ಹೊಟ್ಟೆ ಹಿಂಡಿ ಒದ್ದಾಡುವರು. ಮಾತ್ರೆಯೇ ವಿಷವೆಂದು ಅಜ್ಜಿ ಶಪಿಸಿದಳು. ಚೀಟಿಯನ್ನು ಓದಿ ನೋಡಿದರೆ ತಪ್ಪು ಮಾತ್ರೆಯದಾಗಿರಲಿಲ್ಲ.

ಅದರ ಹೆಸರು ಬಿಸಾಕೊಡಿಲ್. ಜಠರದ ಆಮ್ಲದಲ್ಲಿ ಕರಗದ ಲೇಪವೊಂದು ಅದರ ಮೇಲಿರುತ್ತದೆ. ಕರುಳಿಗಿಳಿದ ಮೇಲೆ ಲೇಪ ಕರಗಿ, ಔಷಧಿಯು ದೊಡ್ಡ ಕರುಳಿನ ಗೋಡೆಯನ್ನು ಕೆರಳಿಸಿ, ಅದರ ಸ್ನಾಯುಗಳನ್ನು ಚಲಿಸುವಂತೆ ಮಾಡಬೇಕು. ಅಗಿದರೆ ಲೇಪ ಬಾಯಲ್ಲೇ ಒಡೆಯಿತು. ಹಾಲೋ, ಎದೆಯುರಿಗೆ ತಿನ್ನುವ ಗುಳಿಗೆಯೋ ಜೊತೆಗಿದ್ದರೆ ಆಮ್ಲ ಇಳಿದು, ಅದು ಜಠರದಲ್ಲೇ ಕರಗಿತು. ಆದುದರಿಂದ ಇಡೀ ಮಾತ್ರೆಯನ್ನು ನೀರಿನೊಡನೆ ನುಂಗಬೇಕು; ಹಾಲಿಗೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ದೊಡ್ಡವರಿಗೆ ಮಲಗುವಾಗ 5 ಮಿಲಿಗ್ರಾಮಿನ ಒಂದು ಮಾತ್ರೆಯಿಂದ ಆರಂಭಿಸುವುದು ಲೇಸು, ಹೆಚ್ಚೆಂದರೆ ಎರಡು. 6ರಿಂದ 12 ಗಂಟೆಗಳಲ್ಲಿ, ಎಂದರೆ ಬೆಳಗಿನ ಹೊತ್ತಿಗೆ, ಫಲ ದೊರೆಯುತ್ತದೆ.

ಕರುಳನ್ನು ಹೀಗೆ ಪ್ರಚೋದಿಸುವ ವಿರೇಚಕಗಳು ನಮಗೆ ಹೊಸವೇನಲ್ಲ. ಬಾಲ್ಯದಲ್ಲಿ ಭಾನುವಾರ ಮುಂಜಾನೆ ಅಜ್ಜಿ ಹರಳೆಣ್ಣೆಯ ಒಳಲೆ ಹಿಡಿದು ನಮ್ಮನ್ನು ಹಿತ್ತಲ ತುಂಬ ಅಟ್ಟಿಸಿಕೊಂಡು ಬರುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲೆಯಿಕ್ ಆಮ್ಲವಾಗುತ್ತದೆ. ಅದು ಕರುಳಿನ ಸ್ನಾಯುವನ್ನು ಹೇಗೆ ಕುಗ್ಗಿಸುತ್ತದೆಂಬುದನ್ನು ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿ ತೋರಿಸಿದ್ದು 2012ರಷ್ಟು ಈಚೆಗೆ. ಎರಡು ಗಂಟೆಗಳಲ್ಲೇ ಅದು ಕೆಲಸ ಆರಂಭಿಸುವುದರಿಂದ ರಾತ್ರಿ ಕುಡಿಯತಕ್ಕದ್ದಲ್ಲ. ಗರ್ಭಿಣಿಯರಂತೂ ತಾವಾಗಿ ಕುಡಿಯಲೇಕೂಡದು. ಗರ್ಭಕೋಶವನ್ನೂ ಅದು ಕುಗ್ಗಿಸುತ್ತದೆ. ಸೋನಾಮುಖಿ, ಎಂದರೆ ನಮ್ಮ ನೆಲಾವರಿಕೆಯ ಎಲೆ, ಇದಕ್ಕಿಂತ ಸೌಮ್ಯ. ತಿರುನೆಲ್ವೇಲಿಯ ಎಲೆ ಪರದೇಶಗಳಿಗೂ ಹೋಗುತ್ತದೆ. ಅದರ ಸಾರವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆದ ಮೇಲೆಯೇ ಗುಣ ಕಾಣುವುದರಿಂದ ಅದನ್ನೂ ರಾತ್ರಿಯೇ ಸೇವಿಸುತ್ತಾರೆ. ಮೂತ್ರದ ಬಣ್ಣ ತುಸು ಕೆಂಪಾದರೆ ಗಾಬರಿ ಬೇಡ.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಕ್ಷಾರಕ್ಕೆ ಹಾಕಿದೊಡನೆ ಗುಲಾಬಿಯಾಗುತ್ತಿದ್ದ ಫಿನಾಲ್ಫ್ಥಲೀನ್ ಎಲ್ಲರಿಗೂ ನೆನಪಿರಬಹುದು. ಅದೂ ಬಹುಕಾಲ ಭೇದಿಯ ಮದ್ದಾಗಿತ್ತೆಂದರೆ ನಂಬುವಿರಾ? ಚಾಕೊಲೇಟಿನಲ್ಲಿ ಬೆರೆಸಿ ಮಾರುತ್ತಿದ್ದರಂತೆ! ಪ್ರಾಣಿಗಳಲ್ಲಿ ಅರ್ಬುದಕ್ಕೆ ಕಾರಣವಾದುದು ಕಂಡುಬಂದ ಮೇಲೆ ಅಮೆರಿಕದಲ್ಲಿ 1999ರಲ್ಲಿ ಅದನ್ನು ಕೈಬಿಡಲಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದಿನಕ್ಕೊಮ್ಮೆ ಆಗದಿದ್ದರೆ ರೋಗವೆಂಬುದು ನಮ್ಮವರ ದೃಢವಾದ ನಂಬಿಕೆ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೂ ಆರೋಗ್ಯವಂತರೇ ಇದ್ದಾರೆ. ವಿರೇಚಕ ತೆಗೆದುಕೊಂಡ ಮರುದಿನ ಕರುಳು ಬರಿದಾಗಿರುತ್ತದೆ. ಮತ್ತೆ ತುಂಬಲು ಎರಡು ಮೂರು ದಿನಗಳೇ ಬೇಕಾಗಬಹುದು. ಖಾಲಿ ಕಣಜದಿಂದ ಕಾಳು ಬೀಳಲಿಲ್ಲವೆಂದು ಕೊರಗುವವರುಂಟೇ? ಆದರೆ ತಂದೆಯವರು ಆ ಖಾಲಿ ದಿನವನ್ನೇ ಮಲಬದ್ಧತೆಯೆಂದೆಣಿಸಿ ಮತ್ತೊಂದು ಮಾತ್ರೆ ನುಂಗಿದರು, ಮರುದಿನ ಇನ್ನೊಂದು. ಹೀಗೆ ಒಂದು ರಾತ್ರಿಯ ಮದ್ದು ನಾಲ್ಕು ತಿಂಗಳ ಅಭ್ಯಾಸವಾಯಿತು. ಅತಿಯಾದ ಭೇದಿಯಿಂದ ನೀರಿನೊಡನೆ ಪೊಟ್ಯಾಸಿಯಮ್ ಕೂಡ ನಷ್ಟವಾಗಿ ಕೈಕಾಲು ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಈ ಅಪಾಯ ಇನ್ನೂ ಹೆಚ್ಚು. ವೈದ್ಯರನ್ನು ಕೇಳದೆ ಒಂದು ವಾರದಾಚೆಗೆ ಮುಂದುವರಿಸಬಾರದು.

ನಮ್ಮ ವಿದ್ಯಾರ್ಥಿನಿಲಯದ ಮಾತು ಬೇರೆ. ಇಲ್ಲಿ ರೋಗದ ಮೂಲ ಬೆಳಗಿನ ಸಾಲು! ಹೊತ್ತಾಯಿತೆಂದು ವೇಗವನ್ನು ತಡೆದು ತರಗತಿಗೆ ಓಡುವವರಿಗೆ ಯಾವ ಮಾತ್ರೆ ತಾನೇ ಏನು ಮಾಡೀತು? ಉಪಾಹಾರವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆಗ ಹತ್ತು ನಿಮಿಷ ಬಿಡುವು, ಜೊತೆಗೆ ನೀರು, ಸೊಪ್ಪು, ರಾಗಿ, ಸೀಬೆಹಣ್ಣು ಇದ್ದರೆ ಬಹುಮಂದಿಗೆ ಔಷಧಿಯ ಹಂಗಿಲ್ಲ.

ಒಂದು ಸಂಗತಿ ಉಳಿದಿದೆ. ನಮ್ಮ ಚಿಕ್ಕಪ್ಪನ ಮಗನಿಗೆ ಒಮ್ಮೆ ಹೊಕ್ಕುಳ ಬಳಿ ನೋವೆದ್ದು ಬಲಗಡೆ ಕೆಳಹೊಟ್ಟೆಗೆ ಇಳಿಯಿತು; ವಾಂತಿಯೂ ಆಯಿತು. ಅಜ್ಜಿ ಎಂದಿನಂತೆ ಹರಳೆಣ್ಣೆ ಬಿಸಿಮಾಡಿದಳು. ಅದು ಅಪೆಂಡಿಸೈಟಿಸ್. ಊದಿದ ಅಪೆಂಡಿಕ್ಸ್ ಇರುವಾಗ ವಿರೇಚಕ ಕೊಟ್ಟರೆ ಅದು ಒಡೆಯುವ ಭಯವಿರುತ್ತದೆ. ಹುಡುಗ ಹಟಮಾಡಿ ಎಣ್ಣೆಯನ್ನು ಉಗುಳಿಬಿಟ್ಟಿದ್ದನು. ಆ ರಾತ್ರಿಯೇ ಶಸ್ತ್ರಚಿಕಿತ್ಸೆಯಾಗಿ ಉಳಿದುಕೊಂಡನು. ಕಾರಣ ತಿಳಿಯದ ಹೊಟ್ಟೆನೋವು, ವಾಂತಿ, ಜ್ವರ, ಹೊಟ್ಟೆಯುಬ್ಬರ ಇದ್ದಾಗ ವಿರೇಚಕವನ್ನು ಮುಟ್ಟದೆ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಕಂಡರೂ, ಮೈತೂಕ ಇಳಿಯುತ್ತಿದ್ದರೂ, ವಯಸ್ಸಾದವರಲ್ಲಿ ಮಲಬದ್ಧತೆ ಹೊಸದಾಗಿ ತಲೆದೋರಿದರೂ ಅಷ್ಟೇ. ಎಳೆಯ ಮಕ್ಕಳಿಗೆ ಮನೆಯಲ್ಲೇ ಕೊಡತಕ್ಕದ್ದಲ್ಲ. ಇದನ್ನೆಲ್ಲ ನಾನು ಅಜ್ಜಿಗೆ ಓದಿ ಹೇಳಿದೆ. ಒಳಲೆ ಈಗ ಅಟ್ಟದ ಮೇಲಿದೆ.