ಜೇನ್ನೊಣಕ್ಕೆ ಬ್ಯಾಕ್ಟೀರಿಯಾ ಕಾವಲು: ನಂಬಿಕೆ ಏನು, ನಿಜ ಏನು?

ರೋಗ ತಡೆಯಲು ಜೇನ್ನೊಣವನ್ನೇ ಕುಲಾಂತರಿ ಮಾಡಿದ್ದಾರೆ ಎಂದು ನಂಬಿದವರಿದ್ದಾರೆ. ಅದು ತಪ್ಪು. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಮೊರಾನ್, ಜೆಫ್ರಿ ಬ್ಯಾರಿಕ್ ಮತ್ತು ಸಂಗಡಿಗರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ ನೊಣದ ವಂಶವಾಹಿಯನ್ನು ಮುಟ್ಟಿಯೇ ಇಲ್ಲ. ಬದಲಿಸಿದ್ದು ಅದರ ಕರುಳಿನಲ್ಲಿ ಮೊದಲಿನಿಂದಲೂ ಇರುವ ಸ್ನಾಡ್‌ಗ್ರಾಸೆಲ್ಲಾ ಆಲ್ವಿ ಎಂಬ ಬ್ಯಾಕ್ಟೀರಿಯಾವನ್ನು.

ಹಾಗಾದರೆ ಈ ಬ್ಯಾಕ್ಟೀರಿಯಾ ವೈರಸ್ಸನ್ನು ಕೊಲ್ಲುತ್ತದೆಯೇ? ಅದೂ ಅಲ್ಲ, ಕೊಲ್ಲುವುದು ನೊಣವೇ. ಅನೇಕ ವೈರಸ್‌ಗಳು ಬೆಳೆಯುವಾಗ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ಅದು ಕಂಡೊಡನೆ ನೊಣದ ಜೀವಕೋಶ ಅದನ್ನು ತುಂಡರಿಸಿ, ಆ ತುಂಡುಗಳಿಗೆ ಹೊಂದುವ ಆರ್‌ಎನ್‌ಎಯನ್ನು ಹುಡುಕಿ ನಾಶಮಾಡುತ್ತದೆ. ರೆಕ್ಕೆ ಮುದುಡಿಸುವ ವೈರಸ್ಸಿಗೆ ಹೊಂದುವ ಇಂಥ ಎಳೆಗಳನ್ನು ಬ್ಯಾಕ್ಟೀರಿಯಾ ಕರುಳಿನೊಳಗೇ ತಯಾರಿಸುತ್ತಿದ್ದರೆ, ನೊಣ ಮೊದಲೇ ಸಜ್ಜಾಗಿರುತ್ತದೆ. ನೊಣವನ್ನು ಪೀಡಿಸುವ ವರೋವಾ ಎಂಬ ನುಸಿಯ ವಿಷಯದಲ್ಲಿ ದಾರಿ ಇನ್ನೂ ಸೊಗಸು: ನುಸಿಗೆ ಹೊಂದುವಂತೆ ರೂಪಿಸಿದ ಎಳೆಗಳು ನೊಣದ ಮೈಯಲ್ಲಿ ಹರಡಿ, ಅದನ್ನು ಹೀರುವ ನುಸಿಯ ಒಡಲು ಸೇರಿ, ನುಸಿಗೆ ಅತ್ಯಗತ್ಯವಾದ ಜೀನ್‌ಗಳನ್ನೇ ಸುಮ್ಮನಾಗಿಸುತ್ತವೆ. ಹತ್ತನೆಯ ದಿನದ ಹೊತ್ತಿಗೆ ಇಂಥ ನೊಣಗಳ ಮೇಲಿದ್ದ ನುಸಿಗಳು ಸಾಯುವ ಸಾಧ್ಯತೆ ಸುಮಾರು 70% ಹೆಚ್ಚಿತ್ತು. ವೈರಸ್ಸಿನ ವಿರುದ್ಧ ರೂಪಿಸಿದ ಬ್ಯಾಕ್ಟೀರಿಯಾ ಇದ್ದ ನೊಣಗಳು ವೈರಸ್ ತಗುಲಿದರೂ ಬದುಕುಳಿಯುವ ಸಾಧ್ಯತೆ 36.5% ಹೆಚ್ಚಿತ್ತು. ಭರವಸೆಯ ಅಂಕಿಗಳೇ ನಿಜ, ಆದರೆ ಇವು ಪ್ರಯೋಗಾಲಯದಲ್ಲಿ ಸಣ್ಣ ಗುಂಪುಗಳಲ್ಲಿಟ್ಟ ನೊಣಗಳದ್ದು, ತೋಟದ ಪೆಟ್ಟಿಗೆಯದ್ದಲ್ಲ.

ಈ ಬ್ಯಾಕ್ಟೀರಿಯಾ ಜೇನುತುಪ್ಪಕ್ಕೆ ಸೇರೀತೆಂಬ ಭಯವೂ ಇದೆ. ನೊಣ ಮಕರಂದ ಹೊತ್ತು ತರುವುದು ಮುಂಭಾಗದ ಜೇನುಚೀಲದಲ್ಲಿ. ಈ ಬ್ಯಾಕ್ಟೀರಿಯಾ ಅಂಟಿಕೊಂಡಿರುವುದು ಹಿಂಗರುಳಿನ ಗೋಡೆಗೆ. ನಡುವೆ ಕವಾಟವೊಂದಿದೆ. ಆದರೆ ಕರುಳಿನ ಬ್ಯಾಕ್ಟೀರಿಯಾ ಗೂಡಿನೊಳಗೆ ನೊಣದಿಂದ ನೊಣಕ್ಕೆ ದಾಟುವುದು ಸಹಜ. ಆದ್ದರಿಂದ ಬದಲಿಸಿದ ತಳಿ ಹೊರಗಿನ ಗೂಡುಗಳಿಗೂ ಹಬ್ಬೀತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬಯಲಿಗೆ ಬಿಡುವ ಮುನ್ನ ಅದಕ್ಕೆ ಉತ್ತರ ಸಿಗಲೇಬೇಕು.

ಇದನ್ನು 2023ರ ಆರಂಭದಲ್ಲಿ ಸುದ್ದಿಯಾದ ಜೇನ್ನೊಣ ಲಸಿಕೆಯೊಂದಿಗೆ ಬೆರೆಸುವುದೂ ತಪ್ಪು. ಆ ಲಸಿಕೆ ಅಮೆರಿಕನ್ ಫೌಲ್‌ಬ್ರೂಡ್ ಎಂಬ ಮರಿರೋಗದ ರೋಗಾಣುವಿನ ಸತ್ತ ಕೋಶಗಳಿಂದ ಮಾಡಿದ್ದು. ಆಹಾರದ ಮೂಲಕ ರಾಣಿಗೆ ಸೇರುತ್ತದೆ.

ನಮ್ಮ ನಾಡಿನ ತುಡುವೆ ಜೇನಿಗೆ ಈ ಬ್ಯಾಕ್ಟೀರಿಯಾ ಕಾವಲು ನಾಳೆಯೇ ಬಂದೀತೆಂಬುದು ಕೊನೆಯ ತಪ್ಪು ಕಲ್ಪನೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಗೂಡುಗಳನ್ನು ಖಾಲಿ ಮಾಡಿತು, ಕೊಡಗಿನ ಜೇನು ಕೃಷಿ ನೆಲಕಚ್ಚಿತು. ಆ ರೋಗ ಬಂದ ಎರಿಯಿಂದ ಮರಿಯನ್ನು ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲ ಕೈಗೆ ಬರುತ್ತದೆ. ಟೆಕ್ಸಾಸ್‌ನ ಪ್ರಯೋಗ ನಡೆದದ್ದು ಯುರೋಪಿನ ಜೇನ್ನೊಣದ ಮೇಲೆ, ಬೇರೆ ವೈರಸ್ಸಿನ ವಿರುದ್ಧ. ತತ್ತ್ವ ಒಂದೇ ಆದರೂ ತುಡುವೆಗೆ ಅದನ್ನು ಹೊಸದಾಗಿ ರೂಪಿಸಿ ಪರೀಕ್ಷಿಸಬೇಕು, ಮತ್ತು ಆ ಕೆಲಸ ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲೇ ಆಗಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ ಇಂಥ ಹೆಸರು ಹೇಳಿಕೊಂಡು ಯಾರಾದರೂ ಬಾಟಲಿ ಮಾರಲು ಬಂದರೆ ಕೊಳ್ಳಬೇಡಿ. ಗೂಡು ಬಲವಾಗಿಡಿ, ರೋಗ ಕಂಡ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ.