ಬಿಲ್ಲು ಇಳಿದರೆ ಉಳಿತಾಯವೇ?

75 ವ್ಯಾಟಿನ ಹಳೆಯ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದಿರಿ ಎನ್ನೋಣ. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯಬೇಕು. ಇದು ಕಾಗದದ ಲೆಕ್ಕ. 2015ರಲ್ಲಿ ಶುರುವಾದ ಉಜಾಲಾ ಎಲ್‌ಇಡಿ ಯೋಜನೆಯ ಉಳಿತಾಯವೂ ಹೀಗೇ, ಬಲ್ಬಿಗೆ ಇಷ್ಟು, ಗಂಟೆಗೆ ಇಷ್ಟು ಎಂಬ ಅಂದಾಜು.

ಮೇ ತಿಂಗಳಲ್ಲಿ ಹಾಕಿಸಿ, ಜುಲೈ ಬಿಲ್ಲು ನೋಡಿ ಹಿಗ್ಗಬೇಡಿ. ಮುಂಬಯಿ, ಪುಣೆಯಲ್ಲಿ ಅದನ್ನು ಇಳಿಸಿದ್ದು ಮಳೆರಾಯನೂ ಇರಬಹುದು! ಹೋದ ವರ್ಷದ ಜುಲೈ ಬಿಲ್ಲು ಹುಡುಕಿ ಪಕ್ಕದಲ್ಲಿಡಿ. ದರ ಬದಲಾಗುತ್ತಿರುತ್ತದೆ, ಆದ್ದರಿಂದ ರೂಪಾಯಿ ಬಿಟ್ಟು ಯೂನಿಟ್ ನೋಡಿ. ಚೆನ್ನೈಯವರೇ, ನಿಮ್ಮದು ಎರಡು ತಿಂಗಳ ಬಿಲ್ಲು, 32 ಯೂನಿಟ್ ಇಳಿಯಬೇಕು. ಊರಿನಿಂದ ನೆಂಟರು ಬಂದಿದ್ದರೆ ಅದೂ ಲೆಕ್ಕದಲ್ಲಿರಲಿ.

ಆದರೂ ಇಳಿದಿಲ್ಲವೇ? ಬಿಚ್ಚಿದ ಹಳೆಯ ಫ್ಯಾನು ಅಡುಗೆಮನೆಯಲ್ಲಿ ತಿರುಗುತ್ತಿದೆಯೇನೋ, ನೋಡಿ.