ಹೊಸ ಇಯರ್‌ಫೋನ್ ಕೊಳ್ಳುವ ಮುನ್ನ ಸ್ವಲ್ಪ ಕಿವಿಗೊಡಿ!

ತುಮಕೂರಿನಿಂದ ಬೆಂಗಳೂರಿಗೆ ದಿನವೂ 70 ಕಿಲೋಮೀಟರ್ ಓಡಾಡುವವರ ಬೆಳಗಿನ ಬಸ್ಸು ಹತ್ತಿ ನೋಡಿ. ಮಾತಿಲ್ಲ, ಕತೆಯಿಲ್ಲ. ಎಡಕ್ಕೆ ನೋಡಿದರೂ ಕಿವಿಯಲ್ಲಿ ಇಯರ್‌ಫೋನು, ಬಲಕ್ಕೆ ನೋಡಿದರೂ ಇಯರ್‌ಫೋನು!

ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಊರಿಗೆಲ್ಲ ಹಾಡು ಉಣಬಡಿಸುವ ಚಾಳಿಗೆ 2021ರಲ್ಲಿ ಹೈಕೋರ್ಟಿನ ಆದೇಶ, ಸಾರಿಗೆ ನಿಗಮದ ಸುತ್ತೋಲೆ ಕಡಿವಾಣ ಹಾಕಿದ್ದು ಸರಿಯಷ್ಟೆ. ಹೇಳಿದ ಮಾತು ಕೇಳದವರನ್ನು ಕೆಳಗಿಳಿಸುವ ಅಧಿಕಾರವೂ ಕಂಡಕ್ಟರಿಗೆ ಬಂತು. ಪಕ್ಕದ ಸೀಟಿನವರಿಗೆ ನೆಮ್ಮದಿಯಾಯಿತು. ಆದರೆ ಗದ್ದಲ ಎಲ್ಲಿಗೂ ಹೋಗಲಿಲ್ಲ. ಬಸ್ಸಿನಿಂದ ಇಳಿದು ಕಿವಿಯೊಳಗೆ ಹೊಕ್ಕು ಕೂತಿದೆ.

ಬಸ್ ನಿಲ್ದಾಣದೆದುರಿನ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಂಜೆ ಹೊತ್ತು ಐದು ನಿಮಿಷ ನಿಂತರೆ ಈ ಸಂಭಾಷಣೆ ಗ್ಯಾರಂಟಿ.

"ಅಣ್ಣಾ, ಹೋದ ತಿಂಗಳು ತಗೊಂಡಿದ್ದು. ಬರೀ ಗುಂಯ್ ಅಂತದೆ, ಹಾಡಿನ ಮಾತೇ ಗೊತ್ತಾಗಲ್ಲ."

"ಇನ್ನೂರು ರೂಪಾಯಿಗೆ ಇನ್ನೇನ್ ಬರ್ತದೆ ಸ್ವಾಮಿ? ಈ ಸಾವಿರದ್ದು ತಗೊಂಡ್ಹೋಗಿ, ಆಮೇಲ್ ಹೇಳಿ."

ಮೂರನೇ ದಿನ ಗಿರಾಕಿ ಮತ್ತೆ ಹಾಜರ್. "ಇದೂ ಹಂಗೇ ಐತಲ್ಲಣ್ಣ!" ಬಿಚ್ಚಿದ ಮಾಲು ವಾಪಸು ತಗೊಂಡರೆ ಅಂಗಡಿಯವನಿಗೆ ನಷ್ಟ, ತಗೊಳ್ಳದಿದ್ದರೆ ಗಿರಾಕಿಯೇ ನಷ್ಟ. ಇಬ್ಬರೂ ನೋಡದೆ ಬಿಟ್ಟ ಜಾಗ ಒಂದುಂಟು. ಅದು ಕೈಯಲ್ಲಿರುವ ಫೋನಿನೊಳಗೇ ಇದೆ, ಅದಕ್ಕೆ ಕಾಸೂ ಇಲ್ಲ!

ಹಾಡೆಂದರೆ ಬರೀ ಲೆಕ್ಕ

ಫೋನಿನಲ್ಲಿರುವ ಹಾಡು ನಿಜವಾಗಿ ಅಂಕಿಗಳ ಸರಮಾಲೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಅಂಕಿಯಾಗಿ ಬರೆದಿಟ್ಟಿರುತ್ತಾರೆ. ಫೋನಿನ ಹಾಡಿಗೂ ಮೂಲ ಅದೇ ಪದ್ಧತಿ. ಅಂಕಿ ಅಂದಮೇಲೆ ಕೂಡಿಸಬಹುದು, ಕಳೆಯಬಹುದು. ಸದ್ದು ಕಿವಿಗೆ ಮುಟ್ಟುವ ಮೊದಲೇ ಈ ಕೂಡುಕಳೆ ಮಾಡುವ ತಂತ್ರಾಂಶಕ್ಕೆ ಈಕ್ವಲೈಜರ್ ಎಂದು ಹೆಸರು. ಹಿಂದೆ ಟೇಪ್‌ರೆಕಾರ್ಡರಿನ ಮುಂಭಾಗದಲ್ಲಿ ಮೇಲೆ ಕೆಳಗೆ ಜಾರಿಸುವ ಗುಂಡಿಗಳ ಸಾಲು ಇರುತ್ತಿತ್ತಲ್ಲ, ಅದರ ಮೊಮ್ಮಗ ಇದು.

ಯಾವ ಇಯರ್‌ಫೋನೂ ಎಲ್ಲ ಸ್ವರಗಳನ್ನೂ ಸರಿಸಮವಾಗಿ ನುಡಿಸುವುದಿಲ್ಲ. ಕೆಲವು ಮಾಲಿನಲ್ಲಿ ಡ್ರಮ್ಮಿನ ದಪ್ಪ ಸದ್ದು ಉಬ್ಬಿಕೊಂಡು ಹಾಡುವವರ ದನಿಯನ್ನೇ ನುಂಗುತ್ತದೆ. ಇನ್ನು ಕೆಲವಲ್ಲಿ 'ಸ', 'ಶ' ಬಂದಾಗಲೆಲ್ಲ ಸೂಜಿ ಚುಚ್ಚಿದ ಹಾಗೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಈ ಕಾಯಿಲೆ ವಾಸಿಯಾಗುತ್ತದೆಂಬ ಭರವಸೆಯಿಲ್ಲ.

ಹೆಚ್ಚು ಜನರ ಕಿವಿಗೆ ಹಿತವಾದ ಸ್ವರಗಳ ಹದ ಯಾವುದೆಂದು ಹಾರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ ಪರೀಕ್ಷಿಸಿದರು. ಅಂಥ ಹದಕ್ಕೆ ತರಲು ಯಾವ ಮಾಡಲಿಗೆ ಎಲ್ಲಿ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬ ಪಟ್ಟಿಯನ್ನು 'ಆಟೋ ಇಕ್ಯೂ' ಎಂಬ ಯೋಜನೆ ಪುಕ್ಕಟೆ ಒದಗಿಸುತ್ತದೆ. ಸಾವಿರಾರು ಮಾಡಲುಗಳ ಲೆಕ್ಕ ಅಲ್ಲುಂಟು. ಅಂಗಡಿ, ಆಫೀಸಿನಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದವರು 'ಈಕ್ವಲೈಜರ್ ಎಪಿಓ' ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಆ ಅಂಕಿಗಳನ್ನು ತುಂಬಿದರಾಯಿತು.

ಕೂಡಿಸುವ ಮೊದಲು ಕಳೆಯಿರಿ

ಫೋನಿನವರು ಮಾಡಬೇಕಾದ್ದು ಇಷ್ಟೆ. ಮೊದಲು ಇಯರ್‌ಫೋನಿನ ತುದಿಯ ರಬ್ಬರ್ ನೋಡಿ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯದು ಕೊಟ್ಟಿರುತ್ತಾರೆ. ಸಡಿಲ ಕೂತರೆ ದಪ್ಪ ಸದ್ದೆಲ್ಲ ಸೋರಿಹೋಗುತ್ತದೆ, ಅದನ್ನು ಯಾವ ತಂತ್ರಾಂಶವೂ ಪೂರ್ತಿ ತುಂಬಲಾರದು.

ಆಮೇಲೆ ಸೆಟ್ಟಿಂಗ್ಸಿನ ಸೌಂಡ್ ವಿಭಾಗಕ್ಕೆ ಹೋಗಿ ಈಕ್ವಲೈಜರ್ ತೆರೆಯಿರಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಐದು ಪಟ್ಟಿ ಇರುತ್ತವೆ: 60, 230, 910, 3,600 ಮತ್ತು 14,000 ಹರ್ಟ್ಜ್. ಗುಂಯ್‌ಗುಟ್ಟುವ ಮಾಲಿಗೆ 230ರ ಪಟ್ಟಿಯನ್ನು ಎರಡು ಮೂರು ಡೆಸಿಬೆಲ್ ಇಳಿಸಿ. ದನಿ ತಾನಾಗಿ ಹೊರಬರುತ್ತದೆ. ಚುಚ್ಚುವ ಮಾಲಿಗೆ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಇಳಿಸಿ ನೋಡಿ. ಚೆನ್ನಾಗಿ ಗೊತ್ತಿರುವ ಹಾಡನ್ನೇ ಹಾಕಿ ಹೋಲಿಸಿ. ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುವುದರಿಂದ, ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ.

ಎಲ್ಲ ಪಟ್ಟಿಯನ್ನೂ ಮೇಲಕ್ಕೆ ತಳ್ಳುವುದು ಹುಡುಗರ ಅಭ್ಯಾಸ. ಅಲ್ಲೇ ಎಡವಟ್ಟು! ಅಂಕಿಗೂ ಒಂದು ಗರಿಷ್ಠ ಮಿತಿಯಿದೆ. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದಂತೆ, ಮಿತಿ ಮೀರಿದ ಅಲೆಯ ತಲೆ ಕತ್ತರಿಸಿಹೋಗಿ ಗರಗರ ಶುರುವಾಗುತ್ತದೆ. ಒಂದು ಪಟ್ಟಿಯನ್ನು 6 ಡೆಸಿಬೆಲ್ ಏರಿಸಿದರೆ ಒಟ್ಟು ಮಟ್ಟವನ್ನು 6 ಇಳಿಸಬೇಕು. ಕಂಪ್ಯೂಟರಿನ ತಂತ್ರಾಂಶದಲ್ಲಿ ಇದಕ್ಕೆಂದೇ 'ಪ್ರೀ ಆಂಪ್' ಎಂಬ ಜಾಗವಿದೆ.

ಹರಿದ ತಂತಿ, ಒಡೆದ ಪರದೆ, ಕೆಟ್ಟ ಧ್ವನಿಮುದ್ರಣ, ಇವಕ್ಕೆಲ್ಲ ಇಲ್ಲಿ ಮದ್ದಿಲ್ಲ.

ಅಸಲು ಬಾಬತ್ತು ಕಿವಿಯದು

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏತಕ್ಕೆ? ಬಸ್ಸಿನ ಇಂಜಿನ್ ಮೊರೆತ ಹಾಡಿನ ದಪ್ಪ ಸದ್ದನ್ನು ಮುಚ್ಚುತ್ತದೆ. ಮಾತು ತಿಳಿಯಲಿಲ್ಲವೆಂದು ಪ್ರಯಾಣಿಕ ಸದ್ದು ಏರಿಸುತ್ತಾನೆ. ಏರುವುದು ಬೇಕಾದ ಸ್ವರ ಮಾತ್ರವಲ್ಲ, ಎಲ್ಲವೂ!

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ. 100 ಆದರೆ ವಾರಕ್ಕೆಲ್ಲ ಸೇರಿ 20 ನಿಮಿಷ. ಹೋಗಿಬರುವುದಕ್ಕೆ ದಿನಕ್ಕೆ ಮೂರು ಗಂಟೆ ಎಂದಿಟ್ಟುಕೊಳ್ಳಿ. 90ರಲ್ಲಿ ಕೇಳುವವನ ವಾರದ ಪಡಿತರ ಮಂಗಳವಾರ ಬೆಳಿಗ್ಗೆಗೇ ಖಾಲಿ! 100ರಲ್ಲಿ ಕೇಳುವವನದು ಸೋಮವಾರ ಡಾಬಸ್‌ಪೇಟೆ ಮುಟ್ಟುವುದರೊಳಗೇ ತೀರಿತು. ಒಳಕಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಮನುಷ್ಯನಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ದನಿ ನಿಚ್ಚಳವಾದರೆ ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುವುದಿಲ್ಲ. ಹದ ಮಾಡಿದ ಮೇಲೆ ಸದ್ದನ್ನು ಶೇಕಡ 60ರ ಕೆಳಗಿಡಿ. ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಎಬ್ಬಿಸಿ ಅಡಗಿಸುವ ಮಾಲುಗಳೂ ಬಂದಿವೆ. ಇಂಜಿನ್ ಮೊರೆತಕ್ಕೆ ಅವು ಒಳ್ಳೆಯದೇ. ಬಸ್ಸಿಳಿದು ರಸ್ತೆ ದಾಟುವಾಗ ಮಾತ್ರ ಯಾವುದೇ ಆಗಲಿ, ಕಿವಿಯಿಂದ ತೆಗೆದು ಜೇಬಿಗಿಳಿಸಿ.

ಅಂಗಡಿಯವರೂ ಅಷ್ಟೆ. "ಬೇರೆ ಕೊಡ್ಲಾ ಸ್ವಾಮಿ?" ಅನ್ನುವ ಮೊದಲು "ಎಲ್ಲಿ, ಫೋನ್ ಕೊಡಿ ನೋಡೋಣ" ಅಂದರೆ ಎರಡು ನಿಮಿಷದ ಕೆಲಸ. ಗಿರಾಕಿ ಮುಂದಿನ ಸಲವೂ ಅದೇ ಅಂಗಡಿಗೆ ಬರುತ್ತಾನೆ. ಇಯರ್‌ಫೋನ್ ಕೆಟ್ಟರೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಪ್ಪತ್ತು ಅಂಗಡಿಯಿದೆ. ಕಿವಿ ಕೆಟ್ಟರೆ ಹೊಸದು ಕೊಡುವ ಅಂಗಡಿ ಯಾವ ಪೇಟೆಯಲ್ಲಿದೆ?